ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕೈಕೊಟ್ಟ ಕಂಪ್ಯೂಟರಿಗೆ ಹೊಸ ಓಎಸ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಓದುಬರಹ ಬಲ್ಲವರ ನಡುವೆಯೇ ರಾಜಾರೋಷವಾಗಿ ಓಡಾಡುತ್ತಿರುವ ಮೂಢನಂಬಿಕೆ. ಸ್ಲೋ ಆಗಿದೆಯೇ, ಹೊಸ ವಿಂಡೋಸ್ ಹಾಕಿಸಿ. ಹ್ಯಾಂಗ್ ಆಗುತ್ತಿದೆಯೇ, ಫಾರ್ಮ್ಯಾಟ್ ಹೊಡೆಸಿ. ಪ್ರಿಂಟ್ ಬರುತ್ತಿಲ್ಲವೇ, ಓಎಸ್ ಹಳೆಯದಾಯಿತು, ಅಪ್‌ಗ್ರೇಡ್ ಮಾಡಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಸಾಲಿನಲ್ಲೂ, ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿನ ರಿಪೇರಿ ಅಂಗಡಿಯಲ್ಲೂ, ಕಚೇರಿಗೆ ಬಂದುಹೋಗುವ ಗುತ್ತಿಗೆ ತಂತ್ರಜ್ಞನ ಬಾಯಲ್ಲೂ ಇದೇ ಮಂತ್ರ. ನಾಡಿ ಹಿಡಿಯುವ ಮೊದಲೇ ಔಷಧದ ಚೀಟಿ ಬರೆದಾಗಿರುತ್ತದೆ. ಡಾಕ್ಟರೊಬ್ಬರು ಹೀಗೆ ಮಾಡಿದರೆ ಊರು ಸುಮ್ಮನಿರುತ್ತದೆಯೇ? ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಜನ ಕಾಸು ಕೊಟ್ಟು, ಥ್ಯಾಂಕ್ಸ್ ಹೇಳಿ ಬರುತ್ತಾರೆ.

ಓಎಸ್ ಎಂದರೆ ಕಾರ್ಯಾಚರಣ ವ್ಯವಸ್ಥೆ. ಯಂತ್ರಾಂಶಕ್ಕೂ ಅದರ ಮೇಲೆ ಓಡುವ ತಂತ್ರಾಂಶಗಳಿಗೂ ನಡುವೆ ನಿಂತ ಮೇಸ್ತ್ರಿ ಅದು. ಯಾವ ಪ್ರೋಗ್ರಾಮಿಗೆ ಎಷ್ಟು ಮೆಮೊರಿ, ಪ್ರೊಸೆಸರಿನ ಸರದಿ ಯಾರದು, ಡಿಸ್ಕಿನಲ್ಲಿ ಯಾವ ಕಡತ ಎಲ್ಲಿ ಕೂರಬೇಕು ಎಂಬುದನ್ನೆಲ್ಲ ಅದು ನಿಭಾಯಿಸುತ್ತದೆ. ಕೆಲಸ ಮಾಡಿಸುವುದು ಮೇಸ್ತ್ರಿಯಾದರೂ ಮರಳು, ಸಿಮೆಂಟು, ಕಬ್ಬಿಣ ಅವನು ತಯಾರಿಸಿದ್ದಲ್ಲ. ಮರಳಿನಲ್ಲೇ ಮಣ್ಣು ಬೆರೆತಿದ್ದರೆ ಮೇಸ್ತ್ರಿಯನ್ನು ಬದಲಿಸಿ ಗೋಡೆ ಗಟ್ಟಿಯಾಗುತ್ತದೆಯೇ? ಕಂಪ್ಯೂಟರಿನ ತೊಂದರೆ ಡಿಸ್ಕಿನಲ್ಲಿರಬಹುದು, ರ‍್ಯಾಮಿನಲ್ಲಿರಬಹುದು, ಕರೆಂಟಿನಲ್ಲಿ, ಶಾಖದಲ್ಲಿ, ಡ್ರೈವರ್‌ನಲ್ಲಿ, ಬ್ರೌಸರಿನಲ್ಲಿ, ಮನೆಯ ವೈಫೈ ಪೆಟ್ಟಿಗೆಯಲ್ಲಿ ಇರಬಹುದು. ಓಎಸ್‌ನಲ್ಲೂ ಇರಬಹುದು. ಇಷ್ಟು ಬಾಗಿಲುಗಳಲ್ಲಿ ಯಾವುದನ್ನೂ ತಟ್ಟದೆ ಕೊನೆಯದನ್ನೇ ಮುರಿದು ಒಳನುಗ್ಗುವುದಕ್ಕೆ ರಿಪೇರಿ ಎಂಬ ಹೆಸರು ಸಲ್ಲುವುದಿಲ್ಲ.

ಈ ಮಂತ್ರದ ಮೇಲಿನ ಮೊದಲ ಆರೋಪಕ್ಕೆ ಡಿಸ್ಕೇ ಸಾಕ್ಷಿ. ಹಳೆಯ ಲ್ಯಾಪ್‌ಟಾಪ್‌ಗಳು ಆಮೆಯ ಹಾಗೆ ತೆವಳುವುದಕ್ಕೆ ಅತಿ ಸಾಮಾನ್ಯ ಕಾರಣ ಅವುಗಳ ಒಳಗೆ ತಿರುಗುವ ಹಾರ್ಡ್‌ಡಿಸ್ಕ್. ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಕಾಣುವ ಡಿಸ್ಕು ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ಓದುಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೆ ಸುಮಾರು 5.5 ಮಿಲಿಸೆಕೆಂಡು. ಮುಳ್ಳು ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು ಹತ್ತು ಮಿಲಿಸೆಕೆಂಡು. ಲೆಕ್ಕ ಹಾಕಿದರೆ, ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಚಿಕ್ಕಪುಟ್ಟ ಕಡತಗಳನ್ನು ಈ ಡಿಸ್ಕು ಸೆಕೆಂಡಿಗೆ ಅರವತ್ತೆಪ್ಪತ್ತು ಸಲಕ್ಕಿಂತ ಹೆಚ್ಚು ಓದಲಾರದು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಅದೇ ಓದು ಸಾವಿರಾರು ಸಲ ಸಲೀಸು. ಇದು ತಟ್ಟೆಯೊಂದು ತಿರುಗುವ ವೇಗದ ಪ್ರಶ್ನೆ. ಇದರಲ್ಲಿ ಯಾವ ಓಎಸ್ ಏನು ಮಾಡೀತು? ಹೊಸ ವಿಂಡೋಸ್ ಬಂದ ಮಾತ್ರಕ್ಕೆ ತಟ್ಟೆ ಜೋರಾಗಿ ತಿರುಗಲು ಶುರುಮಾಡುತ್ತದೆಯೇ?

ಆಗುವುದು ತದ್ವಿರುದ್ಧ. ಹೊಸ ಓಎಸ್ ಹಿನ್ನೆಲೆಯಲ್ಲಿ ಮಾಡುವ ಕೆಲಸ ಹಳೆಯದಕ್ಕಿಂತ ಹೆಚ್ಚು. ಕಡತಗಳ ಸೂಚಿ ತಯಾರಿಸುತ್ತದೆ, ವೈರಸ್ ಹುಡುಕುತ್ತದೆ, ಅಪ್‌ಡೇಟ್ ಇಳಿಸಿಕೊಳ್ಳುತ್ತದೆ, ಕ್ಲೌಡಿನ ಜೊತೆ ಕಡತ ಹೊಂದಿಸುತ್ತದೆ, ವರದಿ ಕಳಿಸುತ್ತದೆ. ಇವೆಲ್ಲ ಆ ಬಡಪಾಯಿ ಡಿಸ್ಕಿನ ಅರವತ್ತೆಪ್ಪತ್ತು ಓದುಗಳಲ್ಲೇ ಪಾಲು ಕೇಳುತ್ತವೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕಿನ ಎದುರು ಶೇಕಡಾ 100 ಎಂದು ಕಾಣುವುದು ಇದೇ ಕಾರಣಕ್ಕೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀ ಒಟ್ಟಿಗೆ ಒತ್ತಿದರೆ ತೆರೆದುಕೊಳ್ಳುವ ಕಿಟಕಿ ಅದು. ಅದನ್ನು ಅರ್ಧ ನಿಮಿಷ ನೋಡುವಷ್ಟೂ ವ್ಯವಧಾನವಿಲ್ಲದ ಕೈಗಳೇ ಮೂರು ಗಂಟೆ ಕೂತು ಓಎಸ್ ಹಾಕುತ್ತವೆ.

ಡಿಸ್ಕು ನಿಧಾನವಷ್ಟೇ ಆಗಿದ್ದರೆ ಪಾಡು ಪರವಾಗಿಲ್ಲ. ಸಾಯುತ್ತಿರುವ ಡಿಸ್ಕೂ ಶುರುವಿನಲ್ಲಿ ನಿಧಾನದ ವೇಷದಲ್ಲೇ ಬರುತ್ತದೆ. ಕೆಟ್ಟ ಜಾಗದಿಂದ ಓದಲು ಅದು ಮತ್ತೆ ಮತ್ತೆ ಪ್ರಯತ್ನಿಸುತ್ತಿರುತ್ತದೆ, ಮಾಲೀಕರ ಕಣ್ಣಿಗೆ ಅದು ಹ್ಯಾಂಗ್ ಆಗಿ ಕಾಣುತ್ತದೆ. ಸ್ಮಾರ್ಟ್ ಎಂಬ ಸ್ವಯಂತಪಾಸಣೆಯ ದಾಖಲೆ ಆ ಡಿಸ್ಕಿನೊಳಗೇ ಇರುತ್ತದೆ. ಎಷ್ಟು ಜಾಗ ಕೆಟ್ಟು ಬದಲಿ ಜಾಗಕ್ಕೆ ಹೋಗಿದೆ, ಎಷ್ಟು ಇನ್ನೂ ಕಾಯುತ್ತಿದೆ ಎಂಬುದನ್ನು ಪುಕ್ಕಟೆ ಸಿಗುವ ಸಣ್ಣ ಪ್ರೋಗ್ರಾಮೊಂದು ಎರಡು ನಿಮಿಷದಲ್ಲಿ ತೋರಿಸುತ್ತದೆ. ಇಂಥ ಡಿಸ್ಕಿನ ಮೇಲೆ ಹೊಸ ಓಎಸ್ ಹಾಕುವುದೆಂದರೆ ಕೊನೆಯುಸಿರೆಳೆಯುತ್ತಿರುವವರನ್ನು ಎಬ್ಬಿಸಿ ಗದ್ದೆ ಉಳುಮೆ ಮಾಡಿಸಿದ ಹಾಗೆ. ಹತ್ತಾರು ಜಿಬಿ ಬರವಣಿಗೆಯ ಆ ಹೊರೆಯಲ್ಲೇ ಡಿಸ್ಕು ಕಣ್ಣುಮುಚ್ಚಬಹುದು. ಮಕ್ಕಳ ಫೋಟೋ, ಜಮೀನಿನ ಪತ್ರದ ಸ್ಕ್ಯಾನು, ಸಂಘದ ಹತ್ತು ವರ್ಷದ ಲೆಕ್ಕ ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ಆಮೇಲೆ ಕೇಳಿಬರುವ ಸಮಾಧಾನದ ಮಾತು ಹೀಗಿರುತ್ತದೆ: ‘ನಿಮ್ಮ ಹಾರ್ಡ್‌ಡಿಸ್ಕೇ ಹೋಗಿತ್ತು ಸಾರ್.’ ಹೋಗಿತ್ತು ಎಂದು ಹೋಗುವ ಮುಂಚೆ ಹೇಳಬೇಕಿತ್ತು.

ಉಳಿದ ಯಂತ್ರಾಂಶಗಳ ಕಥೆಯೂ ಇದೇ ಜಾಡಿನದು. ಫ್ಯಾನಿನಲ್ಲಿ ಧೂಳು ಕಟ್ಟಿ, ಪ್ರೊಸೆಸರಿನ ಮೇಲಿನ ಶಾಖದ ಪೇಸ್ಟು ಒಣಗಿ ಹೋದರೆ ಚಿಪ್ಪು ನೂರು ಡಿಗ್ರಿಯ ಆಸುಪಾಸಿಗೆ ಏರಿ ತನ್ನ ಪ್ರಾಣ ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹೊರಗಿನ ಬಿಸಿಲೇ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಮಧ್ಯಾಹ್ನ ತೆವಳಿ ಬೆಳಿಗ್ಗೆ ಚುರುಕಾಗುವ ಕಂಪ್ಯೂಟರಿಗೆ ಬೇಕಾದದ್ದು ಬ್ರಷ್ಷು, ಚಿಟಿಕೆ ಪೇಸ್ಟು. ರ‍್ಯಾಮಿನ ಕಾಲುಗಳಿಗೆ ಕಿಲುಬು ಹಿಡಿದರೆ ವಿಂಡೋಸ್ ಕುಸಿದಾಗಿನ ನೀಲಿ ಪರದೆ ಬರಬಹುದು. ಪೆನ್ಸಿಲ್ ರಬ್ಬರಿನಿಂದ ಅದನ್ನು ಉಜ್ಜಿ ಮತ್ತೆ ಕೂರಿಸುವ ಹಳೆಯ ಕೈಚಳಕ ಅಂಗಡಿಯವರಿಗೆ ತಿಳಿಯದ್ದೇನಲ್ಲ. ತಿಳಿದೂ ಮಾಡದಿರುವುದು ಯಾಕೆಂಬುದು ಮುಂದೆ ಬರುತ್ತದೆ. ಕರೆಂಟು ಒದಗಿಸುವ ಎಸ್‌ಎಂಪಿಎಸ್ ಸೊರಗಿದರೆ, ಯುಪಿಎಸ್ ಬ್ಯಾಟರಿ ಸತ್ತಿದ್ದರೆ, ಅರ್ಥಿಂಗ್ ಇಲ್ಲದಿದ್ದರೆ ಯಂತ್ರ ಇದ್ದಕ್ಕಿದ್ದಂತೆ ಆರಿ ಹೊತ್ತಿಕೊಳ್ಳುತ್ತದೆ. ಇದಕ್ಕೂ ಓಎಸ್ ಬದಲಿಸಿದವರಿದ್ದಾರೆ!

ಎಲ್ಲಕ್ಕಿಂತ ನಗು ತರಿಸುವುದು ಗುಂಡಿಸೆಲ್ಲಿನ ಪ್ರಕರಣ. ಮದರ್‌ಬೋರ್ಡಿನ ಮೇಲೆ ನಾಣ್ಯದ ಗಾತ್ರದ ಒಂದು ಸೆಲ್ ಕೂತಿರುತ್ತದೆ. ಕರೆಂಟಿಲ್ಲದಾಗ ಗಡಿಯಾರವನ್ನು ಓಡಿಸುವುದು ಅದರ ಕೆಲಸ. ಅದು ಮುಗಿದರೆ ಪ್ರತಿಸಲ ಹಚ್ಚಿದಾಗಲೂ ಕಂಪ್ಯೂಟರಿನ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಜಿಗಿಯುತ್ತದೆ. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ, ದಿನಾಂಕ ತಪ್ಪಿದ ಯಂತ್ರದಲ್ಲಿ ಬ್ಯಾಂಕಿನ ತಾಣ, ಜಿಮೇಲ್ ಯಾವುದೂ ತೆರೆಯದೆ, ಸಂಪರ್ಕ ಸುರಕ್ಷಿತವಾಗಿಲ್ಲ ಎಂಬ ಎಚ್ಚರಿಕೆ ಬರುತ್ತದೆ. ‘ವೈರಸ್ ಬಂದಿದೆ, ಓಎಸ್ ಹಾಳಾಗಿದೆ’ ಎಂಬ ತೀರ್ಪು ಅಲ್ಲೇ ಹೊರಬೀಳುತ್ತದೆ. ಓಎಸ್ ಹಾಕುವಾಗ ಹೇಗೂ ದಿನಾಂಕವನ್ನೂ ಸರಿಮಾಡುವುದರಿಂದ ಆ ದಿನಕ್ಕೆ ಎಲ್ಲವೂ ತೆರೆಯುತ್ತದೆ, ಮಂತ್ರ ಫಲಿಸಿತೆಂದೂ ಆಗುತ್ತದೆ. ಮನೆಗೆ ಒಯ್ದು ಪ್ಲಗ್ ಕಿತ್ತು ಮರುದಿನ ಹಚ್ಚಿದರೆ ಮತ್ತೆ ಅದೇ ರಾಗ. ಕೆಲವೇ ಹತ್ತು ರೂಪಾಯಿಯ ಸೆಲ್ಲಿಗೆ ಬದಲಾಗಿ ನೂರಾರು ರೂಪಾಯಿ ತೆತ್ತವರು ಎಷ್ಟು ಮಂದಿಯೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಕಟ್ಟಿದವರು ಕಂಪ್ಯೂಟರ್ ಕಂಡಿರಲಿಲ್ಲ, ಅಷ್ಟೇ.

ಇನ್ನು ಹೊಸದು ಎಂದರೆ ವೇಗ ಎಂಬ ಎರಡನೆಯ ಭ್ರಮೆ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದಾಗ ಅದಕ್ಕೆ ಬೇಕಿದ್ದ ಕನಿಷ್ಠ ರ‍್ಯಾಮ್ 64 ಎಂಬಿ. 2009ರ ವಿಂಡೋಸ್ 7 ಕೇಳಿದ್ದು ಒಂದು ಜಿಬಿ. 2021ರ ವಿಂಡೋಸ್ 11 ಕೇಳುವುದು ನಾಲ್ಕು ಜಿಬಿ, ಜೊತೆಗೆ 64 ಜಿಬಿ ಡಿಸ್ಕ್ ಜಾಗ. ಇಪ್ಪತ್ತು ವರ್ಷದಲ್ಲಿ ಕನಿಷ್ಠ ಬೇಡಿಕೆಯೇ 64 ಪಟ್ಟು. ಆ ಕನಿಷ್ಠವೂ ಕಂಪ್ಯೂಟರ್ ಹೊತ್ತಿಕೊಂಡು ಪರದೆ ತೋರಿಸುವ ಮಟ್ಟಿನ ಮಾತು, ನೆಮ್ಮದಿಯಾಗಿ ಕೆಲಸ ಮಾಡುವ ಮಟ್ಟಿನದಲ್ಲ. ಪ್ಯಾಸ್ಕಲ್ ಭಾಷೆಯನ್ನು ರೂಪಿಸಿದ ಸ್ವಿಸ್ ಗಣಕವಿಜ್ಞಾನಿ ನಿಕ್ಲಾಸ್ ವಿರ್ತ್ 1995ರಲ್ಲೇ ಈ ಹೊಟ್ಟೆಬಾಕತನದ ಮೇಲೆ ಹರಿಹಾಯ್ದಿದ್ದರು. ಯಂತ್ರಾಂಶ ವೇಗ ಪಡೆಯುವುದಕ್ಕಿಂತ ಬೇಗ ತಂತ್ರಾಂಶ ನಿಧಾನವಾಗುತ್ತಿದೆ ಎಂಬ ಆ ದೂರಿಗೆ ಇವತ್ತು ವಿರ್ತ್ ನಿಯಮವೆಂದೇ ಹೆಸರು. ಹಾಗಿರುವಾಗ ಏಳು ವರ್ಷದ ಹಿಂದಿನ ಯಂತ್ರಕ್ಕೆ ಇವತ್ತಿನ ಓಎಸ್ ಹಾಕಿ ವೇಗ ನಿರೀಕ್ಷಿಸುವುದು, ಸುಸ್ತಾದ ಎತ್ತಿನ ಗಾಡಿಗೆ ಇನ್ನೆರಡು ಮೂಟೆ ಹೇರಿ ಬೇಗ ಹೋಗು ಎಂದಂತೆ.

ಈ ಪಾಠವನ್ನು ಜಗತ್ತು ಒಮ್ಮೆ ದುಬಾರಿ ಬೆಲೆ ತೆತ್ತು ಕಲಿತಿತ್ತು. 2007ರ ಆರಂಭದಲ್ಲಿ ವಿಂಡೋಸ್ ವಿಸ್ತಾ ಮಾರುಕಟ್ಟೆಗೆ ಬರುವ ಮುನ್ನ, ವಿಸ್ತಾ ಓಡಿಸಬಲ್ಲದು ಎಂಬ ಚೀಟಿ ಅಂಟಿಸಿದ ಕಂಪ್ಯೂಟರ್‌ಗಳು ಅಮೆರಿಕದಲ್ಲಿ ಮಾರಾಟವಾದವು. ಅವುಗಳಲ್ಲಿ ಎಷ್ಟೋ ಯಂತ್ರಗಳು ಓಡಿಸಬಲ್ಲವಾಗಿದ್ದದ್ದು ವಿಸ್ತಾದ ಅತಿ ಬಡಕಲು ಆವೃತ್ತಿಯನ್ನು ಮಾತ್ರ. ಗ್ರಾಹಕರು ಸಿಯಾಟಲ್‌ನ ನ್ಯಾಯಾಲಯದ ಮೆಟ್ಟಿಲೇರಿದರು. ವಿಚಾರಣೆಯಲ್ಲಿ ಹೊರಬಿದ್ದ ಮೈಕ್ರೋಸಾಫ್ಟ್‌ನ ಒಳಗಿನ ಪತ್ರಗಳಲ್ಲಿ, 2,100 ಡಾಲರ್ ಕೊಟ್ಟು ಕೊಂಡ ಯಂತ್ರ ಇಮೇಲ್ ನೋಡುವುದಕ್ಕಷ್ಟೇ ಆಯಿತೆಂದು ಆ ಕಂಪನಿಯ ಹಿರಿಯ ಅಧಿಕಾರಿಯೊಬ್ಬರೇ ಗೊಣಗಿದ್ದು ಸಿಕ್ಕಿತು. ತಯಾರಿಸಿದವರೇ ಮೋಸಹೋದ ಮೇಲೆ ಹುಬ್ಬಳ್ಳಿಯ ಟೈಪಿಂಗ್ ಅಂಗಡಿಯವರ ಪಾಡೇನು? ಮೊಕದ್ದಮೆ ಹೇಗೇ ಮುಗಿದಿರಲಿ, ಆ ಗೊಣಗಾಟಕ್ಕೆ ಉತ್ತರ ಸಿಕ್ಕಿಲ್ಲ.

ಮಾರುವವರ ಚಾತುರ್ಯ ಈಗ ಇನ್ನಷ್ಟು ನಯವಾಗಿದೆ. ವಿಂಡೋಸ್ 11ರ ಕಂಪ್ಯೂಟರ್‌ಗಳು ವಿಂಡೋಸ್ 10ರವಕ್ಕಿಂತ 2.3 ಪಟ್ಟಿನವರೆಗೆ ವೇಗ ಎಂದು ಮೈಕ್ರೋಸಾಫ್ಟ್ 2025ರಲ್ಲಿ ಘೋಷಿಸಿತು. ಅಡಿಯಲ್ಲಿ ಸಣ್ಣಕ್ಷರದ ಟಿಪ್ಪಣಿಯೊಂದಿತ್ತು. ಹೋಲಿಸಿದ ವಿಂಡೋಸ್ 10 ಯಂತ್ರಗಳಲ್ಲಿದ್ದದ್ದು ಇಂಟೆಲ್‌ನ ಆರು, ಎಂಟು, ಹತ್ತನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ 11 ಯಂತ್ರಗಳಲ್ಲಿದ್ದದ್ದು ಹನ್ನೆರಡು, ಹದಿಮೂರನೇ ತಲೆಮಾರಿನದು. ಮುದಿಗುದುರೆಯನ್ನೂ ಎಳೆಗುದುರೆಯನ್ನೂ ಓಡಿಸಿ, ಗೆದ್ದದ್ದು ಹೊಸ ಜೀನು ಎಂದು ಡಂಗುರ ಸಾರಿದರೆ ಜಾತ್ರೆಯಲ್ಲೂ ಜನ ನಗುತ್ತಾರೆ. ಆದರೆ ಇದು ಕಂಪ್ಯೂಟರ್ ಕಂಪನಿಯ ಬಾಯಿಂದ ಬಂದಾಗ ನಗುವವರಿಲ್ಲ. ‘ಹನ್ನೊಂದು ಹಾಕಿಸಿದರೆ ಎರಡು ಪಟ್ಟು ಸ್ಪೀಡಂತೆ’ ಎಂಬ ಪ್ರಸಾದವಾಗಿ ಅದು ಹಂಚಿಹೋಗುತ್ತದೆ.

‘ಆದರೂ ಓಎಸ್ ಹಾಕಿಸಿದ ಮೇಲೆ ನಿಜವಾಗಿಯೂ ಚುರುಕಾಯಿತಲ್ಲ’ ಎಂಬುದು ಭಕ್ತರ ಕೈಯಲ್ಲಿರುವ ಬ್ರಹ್ಮಾಸ್ತ್ರ. ಚುರುಕಾಗುವುದು ಹೌದು. ಫಾರ್ಮ್ಯಾಟ್ ಮಾಡಿದಾಗ ಹೋಗುವುದು ಹಳೆಯ ಓಎಸ್ ಒಂದೇ ಅಲ್ಲ. ಕಂಪ್ಯೂಟರ್ ಹಚ್ಚಿದ ಕೂಡಲೇ ತಾವೂ ಎದ್ದು ಕೂರುತ್ತಿದ್ದ ಹತ್ತಿಪ್ಪತ್ತು ಪ್ರೋಗ್ರಾಮುಗಳು ಹೋಗುತ್ತವೆ. ಒಂದರ ಮೇಲೊಂದು ಹಾಕಿಕೊಂಡಿದ್ದ ಎರಡು ಮೂರು ಆ್ಯಂಟಿವೈರಸ್‌ಗಳು, ಬ್ರೌಸರಿಗೆ ಅಂಟಿದ ಉಣ್ಣೆಗಳು, ಅಂಚಿನವರೆಗೆ ತುಂಬಿದ ಸಿ ಡ್ರೈವಿನ ಕಸ ಎಲ್ಲ ಹೋಗುತ್ತದೆ. ಮನೆ ಗುಡಿಸಿದ್ದರಿಂದ ಬಂದ ಹಗುರ ಇದು. ಅದರ ಪುಣ್ಯ ಹೊಸ ಬಾಗಿಲಿಗೆ ಸಂದಿದೆ. ಇದೇ ಕಸವನ್ನು ಓಎಸ್ ಮುಟ್ಟದೆ ಒಂದು ಗಂಟೆಯಲ್ಲಿ ತೆಗೆಯಬಹುದಿತ್ತು. ತೆಗೆಯದ್ದಕ್ಕೆ, ಯಾವ ಕಸ ಎಂದು ಹೇಳಿಕೊಡದ್ದಕ್ಕೆ, ಮೂರು ತಿಂಗಳಲ್ಲಿ ಅದೇ ಪ್ರೋಗ್ರಾಮುಗಳು ಅದೇ ಕೈಗಳಿಂದ ಮತ್ತೆ ಬಂದು ಕೂರುತ್ತವೆ. ಆಗ ಮತ್ತೆ ಅಂಗಡಿ, ಮತ್ತೆ ಫಾರ್ಮ್ಯಾಟ್. ಹೀಗೆ ಆರು ತಿಂಗಳಿಗೊಮ್ಮೆ ಫಾರ್ಮ್ಯಾಟ್ ಮಾಡಿಸಲೇಬೇಕು ಎಂದು ನಂಬಿದ ಕಚೇರಿಗಳೂ ಇವೆ, ದೇವರಿಗೆ ಹರಕೆ ಹೊತ್ತವರ ಹಾಗೆ.

ಅಳಿಸದೆ ಇದ್ದದ್ದರ ಮೇಲೇ ಹಾಕುವ ಅಪ್‌ಗ್ರೇಡಿನಲ್ಲಿ ಈ ಗುಡಿಸುವ ಲಾಭವೂ ಇಲ್ಲ. ಪ್ರೋಗ್ರಾಮು, ಸೆಟ್ಟಿಂಗು, ಡ್ರೈವರ್ ಎಲ್ಲವನ್ನೂ ಜೋಪಾನವಾಗಿ ಹೊತ್ತು ತರುವುದೇ ಅದರ ಹೆಚ್ಚುಗಾರಿಕೆ. ಹಾಗೆ ಹೊತ್ತು ತರುವಾಗ ರೋಗವನ್ನು ಮಾತ್ರ ಬಿಟ್ಟು ಬರುತ್ತದೆಂದು ಯಾರು ಹೇಳಿದರು? ಅದರ ಮೇಲೆ ಹೊಸ ರೋಗ ಅಂಟುವ ಸಂಭವ ಬೇರೆ. 2018ರ ಅಕ್ಟೋಬರ್ 2ರಂದು ಬಿಡುಗಡೆಯಾದ ವಿಂಡೋಸ್ 10ರ ದೊಡ್ಡ ಅಪ್‌ಡೇಟು ಕೆಲವರ ಡಾಕ್ಯುಮೆಂಟ್ಸ್ ಕಡತಗಳನ್ನೇ ಅಳಿಸಿಹಾಕಿತು. ನಾಲ್ಕು ದಿನದಲ್ಲಿ ಅದನ್ನು ತಡೆಹಿಡಿದ ಕಂಪನಿ ಮತ್ತೆ ಹೊರತಂದದ್ದು ನವೆಂಬರ್ 13ರಂದು. 2020ರ ನವೆಂಬರಿನಲ್ಲಿ ಆ್ಯಪಲ್ ಬಿಟ್ಟ ಬಿಗ್ ಸರ್ ಎಂಬ ಮ್ಯಾಕ್ ಓಎಸ್, 2013–14ರ ಕೆಲವು ಮ್ಯಾಕ್‌ಬುಕ್ ಪ್ರೋಗಳನ್ನು ಕಪ್ಪು ಪರದೆಯ ಮುಂದೆ ನಿಲ್ಲಿಸಿಬಿಟ್ಟಿತು. ಚೆನ್ನಾಗಿ ನಡೆಯುತ್ತಿದ್ದ ಯಂತ್ರಗಳ ಗತಿಯೇ ಇದಾದರೆ, ಈಗಾಗಲೇ ಕುಂಟುತ್ತಿರುವ ಯಂತ್ರವನ್ನು ಈ ಸೇತುವೆ ದಾಟಿಸುವುದು ಧೈರ್ಯವೋ ಹುಂಬತನವೋ?

ಎಲ್ಲಕ್ಕಿಂತ ಗಂಭೀರವಾದದ್ದು ಸಾಕ್ಷಿನಾಶದ ಆರೋಪ. ವಿಂಡೋಸ್ ತನ್ನ ಸಂಕಟಗಳ ದಿನಚರಿಯನ್ನು ತಾನೇ ಬರೆದಿಡುತ್ತದೆ. ವಿಸ್ತಾ ಕಾಲದಿಂದಲೂ ಇರುವ ರಿಲಯಬಿಲಿಟಿ ಮಾನಿಟರ್ ತೆರೆದರೆ ಯಾವ ದಿನ ಯಾವ ಪ್ರೋಗ್ರಾಮ್ ಬಿತ್ತು, ಅದರ ಹಿಂದಿನ ದಿನ ಏನನ್ನು ಹೊಸದಾಗಿ ಹಾಕಲಾಗಿತ್ತು ಎಂಬುದು ಕ್ಯಾಲೆಂಡರಿನ ಹಾಗೆ ಕಾಣುತ್ತದೆ. ಇವೆಂಟ್ ವ್ಯೂವರ್‌ನಲ್ಲಿ ಡಿಸ್ಕಿನ ಹೆಸರಿನೊಂದಿಗೆ 7ನೇ ಸಂಖ್ಯೆಯ ದಾಖಲೆ ಕಂಡರೆ ಡಿಸ್ಕಿನಲ್ಲಿ ಕೆಟ್ಟ ಜಾಗವಿದೆ ಎಂದರ್ಥ. ಕರ್ನಲ್ ಪವರ್ 41 ಎಂದಿದ್ದರೆ ಯಂತ್ರ ಕ್ರಮವಾಗಿ ಮುಚ್ಚದೆ ಹಠಾತ್ತನೆ ಆರಿದೆ ಎಂದರ್ಥ. ನೀಲಿ ಪರದೆಯ ಮೇಲಿನ ಸಂಕೇತವೂ ಸುಮ್ಮನೆ ಬರೆದದ್ದಲ್ಲ. ಫಾರ್ಮ್ಯಾಟ್ ಮಾಡಿದ ಕ್ಷಣ ಈ ದಿನಚರಿ ಸುಟ್ಟುಹೋಗುತ್ತದೆ. ರೋಗ ಮರುಕಳಿಸಿದಾಗ ಮುಂದಿನ ತಂತ್ರಜ್ಞನ ಮುಂದೆ ಖಾಲಿ ಹಾಳೆ. ಕೊಲೆ ನಡೆದ ಮನೆಯನ್ನು ಪೊಲೀಸರು ಬರುವ ಮುಂಚೆ ತೊಳೆದು ಸಾರಿಸಿ ರಂಗೋಲಿ ಹಾಕಿದವರನ್ನು ಯಾರೂ ಅಚ್ಚುಕಟ್ಟಿನವರು ಎನ್ನುವುದಿಲ್ಲ.

ಓಎಸ್‌ನ ಹೆಸರಿನಲ್ಲಿ ಯಂತ್ರಾಂಶದ ರೋಗ ಹೇಗೆ ಮರೆಯಾಗುತ್ತದೆಂಬುದಕ್ಕೆ ಫೋನಿನ ಲೋಕದಲ್ಲೊಂದು ದೊಡ್ಡ ದೃಷ್ಟಾಂತವಿದೆ. ಬ್ಯಾಟರಿ ಸವೆದ ಐಫೋನುಗಳು ಹಠಾತ್ತನೆ ಆರದಿರಲೆಂದು ಅವುಗಳ ವೇಗವನ್ನು ಓಎಸ್ ಮೂಲಕ ತಗ್ಗಿಸುತ್ತಿರುವುದನ್ನು ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನ್ ನಿಧಾನವಾದ ಜನ ಮುಂದಿನ ಅಪ್‌ಡೇಟಿಗಾಗಿ, ಇಲ್ಲವೇ ಹೊಸ ಫೋನಿಗಾಗಿ ಕಾಯುತ್ತಿದ್ದರು. ಮದ್ದು ಇದ್ದದ್ದು ಹೊಸ ಬ್ಯಾಟರಿಯಲ್ಲಿ. ಗುಟ್ಟು ರಟ್ಟಾದ ಮೇಲೆ ಕಂಪನಿ ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. 2020ರಲ್ಲಿ ಫ್ರಾನ್ಸ್ ಎರಡೂವರೆ ಕೋಟಿ ಯೂರೋ ದಂಡ ಹಾಕಿತು. ಬ್ಯಾಟರಿಯನ್ನು ಯಾರಾದರೂ ಪರೀಕ್ಷಿಸಿದ್ದರೆ ಸಾಕಿತ್ತು.

ಕನ್ನಡದ ಕೆಲಸ ಮಾಡುವ ಕಂಪ್ಯೂಟರ್‌ಗಳಿಗೆ ಈ ಬರೆಯ ನೋವು ಇನ್ನೂ ಒಂದು ತೂಕ ಹೆಚ್ಚು. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಕಡತಗಳು ನಾಡಿನ ಡಿಟಿಪಿ ಅಂಗಡಿಗಳಲ್ಲಿ, ಪ್ರಕಾಶಕರಲ್ಲಿ, ವಕೀಲರ ಕಚೇರಿಗಳಲ್ಲಿ ರಾಶಿರಾಶಿ ಬಿದ್ದಿವೆ. ಫಾಂಟು ಇಲ್ಲದ ಹೊಸ ಓಎಸ್‌ನಲ್ಲಿ ಅವನ್ನು ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕಡತ ಹಾಳಾಯಿತೆಂದು ಗಾಬರಿಯಾಗಿ ಅಳಿಸಿಬಿಟ್ಟವರೂ ಇರಬಹುದು. ವಿಂಡೋಸ್ ಜೊತೆಗೇ ಬರುತ್ತಿದ್ದ ತುಂಗಾ ಫಾಂಟು ಕೂಡ ವಿಂಡೋಸ್ 10ರಿಂದೀಚೆಗೆ ಬೇಕಾದವರು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕಾದ ಪಟ್ಟಿಗೆ ಸರಿದಿದೆ. ಸಹಕಾರ ಸಂಘಗಳಲ್ಲೂ ಹಳೆಯ ಅಂಗಡಿಗಳಲ್ಲೂ ಉಳಿದಿರುವ ಡಾಸ್ ಕಾಲದ 16 ಬಿಟ್ ಲೆಕ್ಕದ ಪ್ರೋಗ್ರಾಮು 64 ಬಿಟ್ ವಿಂಡೋಸ್‌ನಲ್ಲಿ ಏಳುವುದೇ ಇಲ್ಲ. ವಿಂಡೋಸ್ 11ಕ್ಕಂತೂ 32 ಬಿಟ್ ಆವೃತ್ತಿಯೇ ಇಲ್ಲ. ಹಳೆಯ ಸ್ಕ್ಯಾನರಿಗೆ 32 ಬಿಟ್ ಡ್ರೈವರ್ ಮಾತ್ರ ಇದ್ದರೆ ಅದೂ ಅಲಂಕಾರದ ಪೆಟ್ಟಿಗೆ. ಒಂದು ಸ್ಲೋ ಕಂಪ್ಯೂಟರ್ ಒಯ್ದು ಕೊಟ್ಟವರು ಒಂದು ಸ್ಲೋ ಕಂಪ್ಯೂಟರ್, ತೆರೆಯದ ಕಡತ, ಓಡದ ಲೆಕ್ಕ, ಸುಮ್ಮನೆ ಕೂತ ಸ್ಕ್ಯಾನರ್ ಇಷ್ಟನ್ನೂ ತರುತ್ತಾರೆ.

ಕೊನೆಗೆ ಭಕ್ತರು ಭದ್ರತೆಯ ಕೋಟೆಯೊಳಗೆ ಹೊಗುತ್ತಾರೆ. ಬೆಂಬಲ ನಿಂತ ಓಎಸ್ ಅಪಾಯಕಾರಿ ಎಂಬುದು ನಿಜ. ಆದರೆ ಅದು ಬೇರೆಯೇ ಪ್ರಶ್ನೆ. ಬಾಗಿಲಿಗೆ ಬೀಗ ಬೇಕೆಂಬ ಕಾರಣ ಕೊಟ್ಟು ಸೋರುವ ಮಾಡು ದುರಸ್ತಿಯಾಯಿತೆಂದು ಬಿಲ್ ಮಾಡುವಂತಿಲ್ಲ. ಬೀಗದ ಮಾತನ್ನೇ ತೆಗೆದುಕೊಂಡರೂ, 2017ರ ಮೇ 12ರಂದು ಹಬ್ಬಿ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಬೀಗ ಜಡಿದ ವನ್ನಾಕ್ರೈ ದಾಳಿಯಲ್ಲಿ ಬಲಿಯಾದದ್ದು ಬಹುಪಾಲು ವಿಂಡೋಸ್ 7. ಆಗ ಅದಕ್ಕೆ ಇನ್ನೂ ಬೆಂಬಲವಿತ್ತು. ತೂತು ಮುಚ್ಚುವ ತೇಪೆ ಮಾರ್ಚ್ 14ರಂದೇ, ಎರಡು ತಿಂಗಳ ಮೊದಲೇ ಬಂದಿತ್ತು, ಪುಕ್ಕಟೆಯಾಗಿ. ಹಾಕಿಕೊಳ್ಳದವರು ಕೆಟ್ಟರು. ಬೇಕಿದ್ದದ್ದು ಅಪ್‌ಡೇಟು, ಇದ್ದ ಓಎಸ್‌ಗೆ ತಿಂಗಳು ತಿಂಗಳು ಬರುವ ತೇಪೆ. 2024ರ ಜುಲೈ 19ರಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ, ಭಾರತದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಡಬೇಕಾಗಿ ಬಂದಾಗ, ಬೀಳಿಸಿದ್ದು ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ತಂತ್ರಾಂಶದ ಒಂದು ಸಣ್ಣ ಕಡತ. ವಿಂಡೋಸ್ ಹತ್ತೂ ಬಿತ್ತು, ಹನ್ನೊಂದೂ ಬಿತ್ತು. ಕಡತ ಅಳಿಸಿದರೆ ಎರಡೂ ಎದ್ದವು. ಇನ್ನು ಭದ್ರತೆಗೆಂದು ಅಂಗಡಿಯಲ್ಲಿ ಹಾಕಿಕೊಡುವ ಕ್ರ್ಯಾಕ್ ಮಾಡಿದ ವಿಂಡೋಸಿನ ಬಗ್ಗೆ ಹೇಳುವುದೇ ಬೇಡ. ಆ್ಯಂಟಿವೈರಸ್ ಆರಿಸಿ, ಎಲ್ಲಿಂದಲೋ ಇಳಿಸಿಕೊಂಡ ಆ್ಯಕ್ಟಿವೇಟರ್ ಓಡಿಸಿ ತಯಾರಾದ ಭದ್ರತೆ ಅದು, ಕಳ್ಳನ ಕೈಯಲ್ಲೇ ಬೀಗ ಮಾಡಿಸಿದ ಹಾಗೆ.

ಲಿನಕ್ಸ್ ಪ್ರಿಯರು ಇಲ್ಲಿ ನಕ್ಕು ಪಾರಾಗುವಂತಿಲ್ಲ. ವಿಂಡೋಸ್ ಕಿತ್ತೆಸೆದು ಉಬುಂಟು ಹಾಕಿ, ಎಲ್ಲ ಸರಿಹೋಗುತ್ತದೆ ಎನ್ನುವುದೂ ಅದೇ ಮಂತ್ರದ ಇನ್ನೊಂದು ಶಾಖೆ. ಸಾಯುವ ಡಿಸ್ಕಿಗೆ ಜಾತಿಭೇದವಿಲ್ಲ. ಆದರೆ ಅವರ ಕೈಯಲ್ಲಿರುವ ಪೆನ್‌ಡ್ರೈವ್ ಒಳ್ಳೆಯ ಸ್ಟೆತಾಸ್ಕೋಪು. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡಿಸಿ ನೋಡಿದಾಗಲೂ ಯಂತ್ರ ಹ್ಯಾಂಗ್ ಆದರೆ ಅನುಮಾನ ರ‍್ಯಾಮ್, ಶಾಖ, ಕರೆಂಟಿನ ಕಡೆಗೆ ಹೊರಳಬೇಕು. ಸಲೀಸಾಗಿ ಓಡಿದರೆ ಡಿಸ್ಕು ಇಲ್ಲವೇ ಒಳಗಿನ ತಂತ್ರಾಂಶದ ಕಡೆಗೆ. ಕಾಲು ಗಂಟೆಯ ಈ ಒಂದೇ ಪರೀಕ್ಷೆ ಅರ್ಧ ವಾದವನ್ನು ಮುಗಿಸುತ್ತದೆ.

ಇಷ್ಟಾದರೂ ಮಂತ್ರ ಉಳಿದಿರುವುದು ಅದು ಎಲ್ಲರಿಗೂ ಅನುಕೂಲ ಎಂಬ ಕಾರಣಕ್ಕೆ. ರೋಗ ಹುಡುಕುವುದಕ್ಕೆ ತಲೆ ಬೇಕು, ಹೊತ್ತು ಬೇಕು, ‘ಏನೂ ಬದಲಿಸಲಿಲ್ಲ, ಸೆಲ್ ಹಾಕಿದೆ’ ಎಂದರೆ ಗ್ರಾಹಕರು ದುಡ್ಡು ಬಿಚ್ಚುವುದಿಲ್ಲ. ಓಎಸ್ ಹಾಕುವುದಕ್ಕೆ ಒಂದು ಪೆನ್‌ಡ್ರೈವ್ ಸಾಕು. ಒಟ್ಟಿಗೆ ನಾಲ್ಕು ಯಂತ್ರಗಳಿಗೆ ಹಚ್ಚಿ ಚಹಾ ಕುಡಿದು ಬರಬಹುದು, ಪರದೆಯೂ ಫಳಫಳ ಹೊಸದಾಗಿ ಕಾಣುತ್ತದೆ. ಮೇಲಿನ ಹಂತದಲ್ಲಿ ಲಾಭ ಇನ್ನೂ ದೊಡ್ಡದು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹನ್ನೊಂದಕ್ಕೆ ಏರಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ಅದರಿಂದೀಚಿನ ಪ್ರೊಸೆಸರ್ ಬೇಕು. ಇದರಿಂದ 24 ಕೋಟಿಯಷ್ಟು ಕಂಪ್ಯೂಟರ್‌ಗಳು ಕಸವಾಗಬಹುದೆಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರಲ್ಲಿ ಅಂದಾಜಿಸಿತ್ತು. ಮನೆಬಳಕೆಯ ಯಂತ್ರಗಳಿಗೆ ಇನ್ನೂ ಒಂದು ವರ್ಷ, 2026ರ ಅಕ್ಟೋಬರ್ 13ರವರೆಗೆ ತೇಪೆ ಪಡೆಯುವ ದಾರಿಯನ್ನು ಮೈಕ್ರೋಸಾಫ್ಟೇ ತೆರೆದಿಟ್ಟಿತು ಎಂಬುದನ್ನು ಅಂಗಡಿಯಲ್ಲಿ ಎಷ್ಟು ಮಂದಿ ಹೇಳಿದರು? ‘ಅಕ್ಟೋಬರ್ ಆದ್ಮೇಲೆ ಆನ್ ಆಗಲ್ಲ ಸಾರ್’ ಎಂದವರೇ ಹೆಚ್ಚು.

ಈ ಪದ್ಧತಿ ನಿಲ್ಲಬೇಕು. ರಿಪೇರಿಗೆ ಬಂದ ಪ್ರತಿ ಕಂಪ್ಯೂಟರಿನ ಜಾಬ್ ಶೀಟಿನಲ್ಲಿ ಓಎಸ್ ಎಂಬ ಪದ ಬರುವ ಮೊದಲು ನಾಲ್ಕು ಸಾಲು ತುಂಬಿರಲೇಬೇಕು: ಡಿಸ್ಕಿನ ಸ್ಮಾರ್ಟ್ ವರದಿ ಏನು ಹೇಳಿತು, ರ‍್ಯಾಮ್ ಪರೀಕ್ಷೆ ಏನು ಹೇಳಿತು, ಕೆಲಸದ ಹೊರೆ ಬಿದ್ದಾಗ ಶಾಖ ಎಷ್ಟಿತ್ತು, ಟಾಸ್ಕ್ ಮ್ಯಾನೇಜರಿನಲ್ಲಿ ತುಂಬಿ ತುಳುಕುತ್ತಿದ್ದದ್ದು ಯಾವುದು. ಪರೀಕ್ಷೆಗೆ ಪ್ರತ್ಯೇಕ ಶುಲ್ಕ ಇರಲಿ, ಗ್ರಾಹಕರೂ ಅದನ್ನು ಗೊಣಗದೆ ಕೊಡಲಿ. ರಕ್ತಪರೀಕ್ಷೆಗೆ ದುಡ್ಡು ಕೊಡುವವರಿಗೆ ಇದು ಭಾರವಲ್ಲ. ವಾರ್ಷಿಕ ನಿರ್ವಹಣೆಯ ಗುತ್ತಿಗೆ ಕೊಡುವ ಕಚೇರಿಗಳು, ಎಷ್ಟು ಯಂತ್ರಕ್ಕೆ ಓಎಸ್ ಹಾಕಲಾಯಿತು ಎಂಬ ಲೆಕ್ಕಕ್ಕೆ ಬಿಲ್ ಪಾಸು ಮಾಡುವುದನ್ನು ಬಿಟ್ಟು, ಅದೇ ಯಂತ್ರ ಅದೇ ದೂರಿನೊಂದಿಗೆ ಎಷ್ಟು ಸಲ ಮರಳಿತು ಎಂಬ ಲೆಕ್ಕ ಕೇಳಬೇಕು. ಐಟಿಐ, ಡಿಪ್ಲೊಮಾ ತರಗತಿಗಳಲ್ಲಿ ಓಎಸ್ ಹಾಕುವ ಪಾಠಕ್ಕೆ ಮುಂಚೆ ಇವೆಂಟ್ ವ್ಯೂವರ್ ಓದುವ ಪಾಠ ಬರಬೇಕು. ಕಡತಗಳ ಪ್ರತಿ ತೆಗೆದಿಡದೆ ಫಾರ್ಮ್ಯಾಟ್ ಮಾಡಿ ಮಾಹಿತಿ ಕಳೆದ ಅಂಗಡಿಯನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾನ್ಯೂನತೆಗೆ ಉತ್ತರ ಹೇಳುವಂತೆ ಮಾಡಬೇಕು. ಆ ನಾಲ್ಕು ಸಾಲು ಖಾಲಿ ಇರುವ ಜಾಬ್ ಶೀಟಿಗೆ ಯಾರೂ ಸಹಿ ಹಾಕಬಾರದು, ಕಂಪ್ಯೂಟರನ್ನು ಬಗಲಿಗೆ ಹಾಕಿಕೊಂಡು ಪಕ್ಕದ ಅಂಗಡಿಗೆ ನಡೆಯಬೇಕು.